ಸೋತ ಸಂಜೆಯ ತಂತಿ

ಕತೆ ಹೇಳಿ ನನಗೆ ಅಭ್ಯಾಸವಿಲ್ಲ. ಬರೆಯುವುದಂತೂ ಇದೇ ಮೊದಲು. ಗುರುಗಳು ನಾಲ್ಕು ಮಾತಿನಲ್ಲಿ ಹೇಳಿದ್ದನ್ನು ನಾನು ನಲವತ್ತು ಮಾತು ಮಾಡಿದರೆ ಓದುವವರು ಕ್ಷಮಿಸಬೇಕು.

ಒಬ್ಬ ಶಿಷ್ಯ ಕೇಳಿದ: "ಗುರುಗಳೇ, ಐದು ಸಂಗೀತ ಸ್ಪರ್ಧೆಗೆ ಹೋದೆ, ಐದರಲ್ಲೂ ಸೋತೆ. ಹಾಡುವುದು ನನ್ನ ಹಣೆಯಲ್ಲಿ ಬರೆದಿಲ್ಲ ಎಂದುಕೊಂಡು ಊರಿಗೆ ಹೋಗಿಬಿಡಲೇ?"

ಇದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. ಶಿಷ್ಯನ ಹೆಸರು ಗಿರಿಮಲ್ಲ. ಅವನು ಆಗಲೇ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದ. ಹನ್ನೊಂದರ ಬಸ್ಸು ಹತ್ತಿದರೆ ಮತ್ತೆಂದೂ ಹಾಡುವುದಿಲ್ಲ ಎಂದು ತೀರ್ಮಾನಿಸಿದ್ದ. ಐದನೆಯ ಸ್ಪರ್ಧೆ ಮುಗಿದು ಮೂರು ವಾರವಾಗಿತ್ತು. ಅಂದಿನಿಂದ ಅವನ ತಂಬೂರಿ ಗವಸು ಹಾಕಿಕೊಂಡು ಮೂಲೆಯಲ್ಲಿತ್ತು. ಇದನ್ನು ಈಗಲೇ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ಬೇಕಾಗುತ್ತದೆ.

"ಬಸ್ಸಿಗೆ ಇನ್ನೂ ಹೊತ್ತಿದೆ, ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಅಮೆರಿಕದಲ್ಲಿ ಒಬ್ಬ ಟೆನಿಸ್ ಆಟಗಾರನಿದ್ದ. ಆಟವೇ ಅವನ ಕಸುಬು. ವಾರಕ್ಕೊಂದು ಊರು, ಊರಿಗೊಂದು ಪಂದ್ಯಾವಳಿ. ಮೂವತ್ತೆರಡು ಜನ ಆಡುತ್ತಾರೆ. ಒಮ್ಮೆ ಸೋತವನು ಮುಂದಿನ ಊರಿಗೆ ಹೊರಡಬೇಕು. ಅಂದರೆ ಮೂವತ್ತೊಂದು ಜನ ಸೋತೇ ಊರು ಬಿಡುತ್ತಾರೆ. ಇದನ್ನು ನಾನು ಕಾಗದದ ಮೇಲೆ ಬರೆದು ನೋಡಿದೆ, ಸರಿಯಾಗಿದೆ. ಈ ಆಟಗಾರ ಹದಿನಾರು ವರ್ಷ ಆಡಿದ. ಗೆದ್ದ ಕಪ್ಪು ಎರಡು. ಉಳಿದ ಎಲ್ಲ ವಾರವೂ ಸೋತು ಹೊರಟವನೇ.

ಅವನದೊಂದು ಪದ್ಧತಿ ಇತ್ತು. ಸೋತ ದಿನ ಸಂಜೆ, ಪೆಟ್ಟಿಗೆ ಕಟ್ಟುವ ಮೊದಲು, ರಾಕೆಟ್ಟಿನ ಹಳೆಯ ತಂತಿ ಕತ್ತರಿಸಿ ಹೊಸದು ಬಿಗಿಯುತ್ತಿದ್ದ. ರಾಕೆಟ್ಟು ಎಂದರೆ ಟೆನಿಸ್ ಆಡುವ ಬ್ಯಾಟು, ಆಕಾಶಕ್ಕೆ ಹಾರಿಸುವುದಲ್ಲ. ಆಡಿದಂತೆಲ್ಲ ಅದರ ತಂತಿ ಸಡಿಲವಾಗುತ್ತದೆ. ಬಿಗಿದುಕೊಡಲು ಬೇರೆ ಜನ ಇರುತ್ತಾರೆ. ಇವನು ಮಾತ್ರ ತಾನೇ ಬಿಗಿಯುತ್ತಿದ್ದ.

ಮಂಡಿ ಸವೆದ ಮೇಲೆ ಅವನು ನಿವೃತ್ತನಾದ. ಕೊನೆಯ ಪಂದ್ಯವನ್ನೂ ಸೋತ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಂಜೆ ಕೋಣೆಗೆ ಬಂದವನು ಹಳೆಯ ತಂತಿ ಕತ್ತರಿಸಿ ಹೊಸದು ಬಿಗಿಯತೊಡಗಿದ. ಹೆಂಡತಿಗೆ ನಗು ಬಂತು.

"ಅಲ್ಲಾ, ಇನ್ನು ಯಾರ ಜೊತೆ ಆಡೋಕೆ ಇದು? ನನ್ನ ಜೊತೆಗಾ?"

"ನಿನ್ನ ಜೊತೆ ಆಡಿದರೆ ಆಗಲೂ ನಾನೇ ಸೋಲೋದು." ಅವನೂ ನಕ್ಕ. "ಇವತ್ತು ಸೋತಿದ್ದೀನಲ್ಲ, ಅದಕ್ಕೆ."

ಬಿಗಿದು ಮುಗಿಸಿ, ತಂತಿಯನ್ನು ಬೆರಳಿನಿಂದ ಮೀಟಿ ಕಿವಿಗೊಟ್ಟು ಕೇಳಿದ. ಸದ್ದು ಸರಿಯಾಗಿತ್ತು. ತೃಪ್ತಿಯಿಂದ ಊಟಕ್ಕೆ ಎದ್ದ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

"ಅವನು ಎರಡಾದರೂ ಗೆದ್ದನಲ್ಲ ಗುರುಗಳೇ. ನನಗೆ ಅದೂ ಇಲ್ಲ" ಎಂದ ಗಿರಿಮಲ್ಲ.

ಗುರುಗಳು ಮೂಲೆಯ ಕಡೆ ನೋಡಿ ಕೇಳಿದರು: "ನಿನ್ನ ತಂಬೂರಿಯ ತಂತಿ ಕಡಿದು ಎಷ್ಟು ದಿನವಾಯಿತು?"

ಗಿರಿಮಲ್ಲನೂ ಆ ಕಡೆ ನೋಡಿದ. ತಂತಿ ಕಡಿದದ್ದು ಸ್ಪರ್ಧೆಯ ದಿನವೇ. ಗವಸಿನೊಳಗೆ ಇರುವುದು ಯಾರಿಗೂ ಕಾಣದು ಎಂದುಕೊಂಡಿದ್ದ. ಹನ್ನೊಂದರ ಬಸ್ಸು ಬಂದು ಹೋದ ಸದ್ದು ಕೇಳಿಸಿತು. ಅವನು ಏಳಲಿಲ್ಲ.

ಇದರ ಅರ್ಥವನ್ನೂ ಬಿಡಿಸಿ ಹೇಳಬೇಕು. ಸೋಲಬಾರದು ಎಂದು ಗುರುಗಳು ಹೇಳಲಿಲ್ಲ. ಮುಂದೆ ಗೆಲ್ಲುತ್ತೀಯೆ ಎಂದೂ ಹೇಳಲಿಲ್ಲ. ಅವರು ಹೇಳಿದ್ದು ಏನೆಂದರೆ, ತಂತಿ ಕಡಿಯುವುದು ತಪ್ಪಲ್ಲ, ಆದರೆ ಕಡಿದ ಮೇಲೆ—

ಗುರುಗಳು ಒಳಗಿನಿಂದ ಕರೆಯುತ್ತಿದ್ದಾರೆ.

"ಗಿರಿಮಲ್ಲಾ, ಬರೆದದ್ದು ಸಾಕು ಬಾರೋ. ತಂಬೂರಿ ಶ್ರುತಿ ಮಾಡಿದೆಯಾ?"