ಸಾಧು ದೇವಸಖರು ವಾಕ್ಯ ಹೇಳದ ದಿನ

ಮಲಪ್ರಭೆಯ ಸೀಮೆಯಲ್ಲಿ ಪ್ಲೇಗು ಹಬ್ಬಿದ್ದ ಕಾಲ. ಜನರು ಮನೆಗಳಿಗೆ ಬೀಗ ಹಾಕಿ ಊರ ಹೊರಗಿನ ಹೊಲಗಳಲ್ಲಿ ಜೋಪಡಿ ಕಟ್ಟಿಕೊಂಡಿದ್ದರು. ಅಂಥ ಜೋಪಡಿಗಳ ಸಾಲಿನ ಕೊನೆಯಲ್ಲಿ, ಜೋಳದ ದಂಟು ಹೊದಿಸಿದ ಮಾಡಿನ ಕೆಳಗೆ ಪೂಜ್ಯ ಸಾಧು ದೇವಸಖರು ವಾಸವಾಗಿದ್ದರು. ಒಂದು ಕಂಬಳಿ, ಒಂದು ತಾಮ್ರದ ಚಂಬು, ಬಟ್ಟೆಯಲ್ಲಿ ಸುತ್ತಿದ ಸತ್ಯವೇದ, ಇವಿಷ್ಟೇ ಅವರ ಆಸ್ತಿ. ಬೇನೆಬಿದ್ದವರಿಗೆ ಗಂಜಿ ಕುಡಿಸುವುದು, ದಿಕ್ಕಿಲ್ಲದೆ ಸತ್ತವರನ್ನು ಮಣ್ಣು ಮಾಡುವುದು ಅವರ ನಿತ್ಯದ ಕಾಯಕವಾಗಿತ್ತು. ಅವರು ಪ್ರಸಂಗ ಮಾಡಿದ್ದನ್ನು ಕೇಳಿದವರು ಕಡಿಮೆ. ಆದರೆ ಅವರನ್ನು ಕಂಡವರು ಕರ್ತನ ವಾಕ್ಯವನ್ನೇ ಕಂಡೆವೆಂದು ಹೇಳುತ್ತಿದ್ದರು.

ಅಲ್ಲಿಂದ ಎರಡು ಹರದಾರಿ ದೂರದ ಹಳ್ಳಿಯಲ್ಲಿ ಸಮಾಧಾನಪ್ಪನವರೆಂಬ ಕ್ರೈಸ್ತ ಸಭೆಯ ಉಪದೇಶಿಗಳಿದ್ದರು. ಅವರ ಹೆಂಡತಿ ಕೃಪಾವತಿ. ಸಭೆಯ ಹೆಂಗಸರಿಗೆ ಓದು ಕಲಿಸಿದವಳು ಆಕೆ, ಕೀರ್ತನೆಗಳು ಬಾಯಿಪಾಠ. ಮದುವೆಯಾಗಿ ಬಹುಕಾಲದ ಮೇಲೆ ಹುಟ್ಟಿದ ಗಂಡುಕೂಸು ಜ್ವರ ಬಂದು ತೀರಿಕೊಂಡಿತು. ಸಭೆಯವರು ಒಬ್ಬೊಬ್ಬರಾಗಿ ಬಂದು ಆಕೆ ತಾನೇ ಕಲಿಸಿದ ವಾಕ್ಯಗಳನ್ನು ಆಕೆಗೆ ಹೇಳಿ ಹೋದರು. ಕೊಟ್ಟಾತನೇ ತಕ್ಕೊಂಡ ಎಂದರು. ದೇವರಿಗೆ ಒಂದು ಉದ್ದೇಶವಿರುತ್ತದೆ ಎಂದರು. ಕೃಪಾವತಿ ಸತ್ಯವೇದವನ್ನು ಗೋಡೆಯ ಗೂಡಿನಲ್ಲಿ ಮುಚ್ಚಿಟ್ಟಳು. ಪ್ರಾರ್ಥನೆಯ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗತೊಡಗಿದಳು. ಆಮೇಲೆ ಉಣ್ಣುವುದನ್ನೂ ಬಿಟ್ಟಳು.

ದಿಕ್ಕು ತೋಚದ ಸಮಾಧಾನಪ್ಪನವರು ಆಕೆಯನ್ನು ಸಾಧುಗಳಲ್ಲಿಗೆ ಕರೆದೊಯ್ಯಬೇಕೆಂದುಕೊಂಡರು. ಅಷ್ಟರಲ್ಲಿ ಪ್ಲೇಗು ಇಳಿಮುಖವಾಗಿತ್ತಾದರೂ ಪೂರ್ತಿ ಹೋಗಿರಲಿಲ್ಲ.

"ಬೇನಿ ಇನ್ನೂ ಐತಿ ಅಂತಾರ ಅಲ್ಲೆ," ಎಂದು ಅವರು ಹಿಂಜರಿದಾಗ ಕೃಪಾವತಿ, "ಇದ್ದರ ಇರಲಿ. ನನಗೇನು ಭಯ?" ಎಂದು ತಾನೇ ಚಕ್ಕಡಿ ಹತ್ತಿ ಕುಳಿತಳು.

ಅವರು ಬಂದು ತಲುಪಿದಾಗ ಸಾಧುಗಳ ಜೋಪಡಿಯಲ್ಲಿ ಒಂದು ಎಳೆಗೂಸು ಅಳುತ್ತಿತ್ತು. ಅದರ ತಾಯಿ ಹಿಂದಿನ ದಿನ ತೀರಿಹೋಗಿದ್ದಳು. ತಂದೆ ಅದಕ್ಕೂ ಮೊದಲೇ ಹೋಗಿದ್ದ. ಅಲ್ಲಿ ಉಳಿದವಳು ಕಲ್ಲವ್ವನೆಂಬ ಅಜ್ಜಿಯೊಬ್ಬಳೇ. ಸಾಧುಗಳು ಹತ್ತಿಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಕೂಸಿನ ತುಟಿಗೆ ಮುಟ್ಟಿಸುತ್ತಿದ್ದರು. ಕೂಸು ಒಂದೆರಡು ಹನಿ ಚೀಪಿ ಕಕ್ಕಿಬಿಡುತ್ತಿತ್ತು. ಅದರ ದನಿ ಸಣ್ಣಗಾಗುತ್ತ ಬಂದಿತ್ತು.

ಕೃಪಾವತಿ ಬಾಗಿಲಲ್ಲೇ ನಿಂತಳು. "ಅಪ್ಪಾರ, ನನಗ ವಾಕ್ಯ ಹೇಳಬ್ಯಾಡ್ರಿ. ಎಲ್ಲಾ ನನಗ ಬರತಾವ," ಎಂದಳು.

"ಹೇಳೂದಿಲ್ಲ ಯವ್ವಾ. ಕುಂದರು," ಎಂದರು ಸಾಧುಗಳು.

ಅವರು ಮತ್ತೆ ಬತ್ತಿ ಅದ್ದಿದರು. ಕೂಸು ಮುಖ ತಿರುಗಿಸಿ ಅತ್ತಿತು. ಆ ಅಳುವಿಗೆ ಕೃಪಾವತಿಯ ಎದೆಹಾಲು ತಾನಾಗಿಯೇ ಒಸರಿತು, ಕುಪ್ಪಸ ತೊಯ್ದಿತು. ಆಕೆ ಸೆರಗು ಎಳೆದುಕೊಂಡಳು. ಅಷ್ಟು ದಿನ ಬಾರದಿದ್ದ ಸಿಟ್ಟು ಈಗ ಬಂತು.

"ನೋಡ್ರಿ, ಕೂಸನ್ನ ಕರಕೊಂಡ, ಹಾಲು ಬಿಟ್ಟ. ಈ ಕೂಸಿನ ಸಲುವಾಗಿ ನನ್ನ ಕೂಸನ್ನ ತಗೊಂಡ್ನೇನು? ಇದ ಏನು ಅವನ ಉದ್ದೇಶ? ಹಂಗಂತ ನೀವೂ ಹೇಳತೀರೇನು?"

ಚಕ್ಕಡಿಯ ಹತ್ತಿರ ನಿಂತಿದ್ದ ಸಮಾಧಾನಪ್ಪನವರು ತಲೆ ತಗ್ಗಿಸಿದರು. ಸಾಧುಗಳು ಚಂಬನ್ನು ಕೆಳಗಿಟ್ಟರು. ಅವರ ಕಣ್ಣುಗಳು ತುಂಬಿಬಂದಿದ್ದವು ಎಂದು ಉಪದೇಶಿಗಳು ಮುಂದೆ ಹೇಳುತ್ತಿದ್ದರು.

"ಇಲ್ಲ ಯವ್ವಾ," ಎಂದರು ಅವರು. "ಒಬ್ಬಾಕಿ ಕೂಸು ಕಸಕೊಂಡು ಇನ್ನೊಬ್ಬಾಕಿ ಕೂಸಿಗೆ ಹಾಲು ಕೊಡೂವಷ್ಟು ಬಡವ ಅಲ್ಲ ನಮ್ಮ ಕರ್ತ. ನಿನ್ನ ಕೂಸು ಯಾಕ ಹೋತು, ನನಗ ಗೊತ್ತಿಲ್ಲ. ಈ ಕೂಸು ಯಾಕ ಅಳಾಕತ್ತೈತಿ, ಅದು ಗೊತ್ತೈತಿ."

ಇಷ್ಟು ಹೇಳಿ ಅವರು ಕೂಸಿನ ಬಾಯಿ ಒರೆಸಿದರು. ಕೂಸನ್ನು ಆಕೆಯ ಕಡೆಗೆ ಚಾಚಲಿಲ್ಲ. ಎತ್ತಿಕೋ ಎಂದೂ ಅನ್ನಲಿಲ್ಲ.

ಕೃಪಾವತಿ ಬಹಳ ಹೊತ್ತು ನಿಂತೇ ಇದ್ದಳು. ನಂತರ ಒಳಗೆ ಬಂದು ಕುಳಿತು, ಎರಡೂ ಕೈ ನೀಡಿದಳು. ಸಾಧುಗಳು ಕೂಸನ್ನು ಆಕೆಯ ಮಡಿಲಲ್ಲಿಟ್ಟು ಹೊರಗೆ ಹೋದರು. ಹೊಲದ ಕಡೆಗೆ ಮುಖ ಮಾಡಿ ಮೊಣಕಾಲೂರಿದರು.

ಅಜ್ಜಿ ಕಲ್ಲವ್ವ ಬೇರೆ ಮತದವಳು. ಹತ್ತಿರ ಸರಿದು, "ನೀ ಯಾವ ಮಂದಿ ಅಂತ ನಾ ಕೇಳೂದಿಲ್ಲ ತಂಗಿ," ಎಂದು ತನ್ನ ಸೆರಗಿನಿಂದಲೇ ಇಬ್ಬರಿಗೂ ಗಾಳಿ ತಾಕದಂತೆ ಮರೆ ಹಿಡಿದಳು. ಕೂಸು ಮೊದಲು ಮೊಲೆ ಕಚ್ಚಲಿಲ್ಲ, ಜಾರಿತು. ಮತ್ತೆ ಕಚ್ಚಿತು. ಆ ಮುದುಕಿಯ ಸೆರಗಿನ ಮರೆಯಲ್ಲಿ ಕೃಪಾವತಿ ಮಗ ಸತ್ತ ಮೇಲೆ ಮೊದಲ ಸಲ ಅತ್ತಳು. ಕೂಸು ಕುಡಿಯುತ್ತಲೇ ನಿದ್ದೆಹೋಯಿತು.

ಹೊತ್ತು ಇಳಿಯುತ್ತ ಬಂದಾಗ ಸಮಾಧಾನಪ್ಪನವರು ಎತ್ತು ಹೂಡಿದರು. ಕೃಪಾವತಿ ಹೊರಗೆ ಬಂದು, "ನಾಳೆ ಮುಂಜಾನೆ ಇದಕ್ಕ ಹಾಲು ಕೊಡೋರು ಯಾರು? ನೀವು ಹೋಗ್ರಿ. ನಾ ಇಲ್ಲೇ ಇರತೀನಿ," ಎಂದಳು.

ಅವರೂ ಹೋಗಲಿಲ್ಲ. ಎತ್ತು ಬಿಚ್ಚಿದರು. ಮರುದಿನದಿಂದ ಆ ಉಪದೇಶಿಗಳು ಸಾಧುಗಳ ಜೊತೆ ನೀರು ಹೊತ್ತರು, ಸತ್ತವರಿಗೆ ಕುಣಿ ತೋಡಿದರು.

ಕೆಲವು ದಿನಗಳ ಮೇಲೆ ಕೃಪಾವತಿ ಸಾಧುಗಳಿಗೆ ಹೇಳಿದಳು: "ಅಪ್ಪಾರ, ದೇವರು ನನ್ನನ್ನ ಯಾತಕ್ಕ ಹುಟ್ಟಿಸಿದ ಅಂತ ಕೇಳಬೇಕಂತ ಒಳಗೊಳಗ ಅನಕೊಂಡು ಬಂದಿದ್ದೆ. ಈಗೂ ನನಗ ಪೂರ್ತಿ ತಿಳಿದಿಲ್ಲ."

ಸಾಧುಗಳು ನಕ್ಕರು. "ಇವತ್ತಿಂದು ತಿಳೀತಲ್ಲ ಯವ್ವಾ. ನಾಳಿಂದು ಕರ್ತನ ಕೈಯಾಗ ಇರಲಿ."

ಆ ಸಂಜೆ ಆಕೆ ಯಾರೂ ಹೇಳದೆ ಸಾಧುಗಳ ಸತ್ಯವೇದವನ್ನು ಬಟ್ಟೆ ಬಿಚ್ಚಿ ತೆಗೆದಳು. ಸ್ವಾಮಿ ಯೇಸು ಎಳೆಯ ಕೂಸುಗಳನ್ನು ಹತ್ತಿರ ಕರೆದು ಅಪ್ಪಿಕೊಂಡ ಭಾಗವನ್ನು ಜೋಪಡಿಗಳ ಹೆಂಗಸರಿಗೆ ಓದಿದಳು. ಮೊದಲು ಎಷ್ಟೋ ಸಲ ಓದಿ ಕಲಿಸಿದ್ದ ಭಾಗವೇ. ಈ ಸಲ ನಡುವೆ ನಿಂತು ನಿಂತು ಓದಿದಳು.

ಪ್ಲೇಗು ಹೋಯಿತು. ಕೃಪಾವತಿ ಕೂಸನ್ನೂ ಕಲ್ಲವ್ವನನ್ನೂ ತನ್ನ ಹಳ್ಳಿಗೆ ಕರೆತಂದಳು. ಅಜ್ಜಿಯೇ ಕೂಸಿಗೆ ನೀಲವ್ವ ಎಂದು ಹೆಸರಿಟ್ಟಳು. ಉಪದೇಶಿಗಳ ಮನೆಯಲ್ಲಿ ಆ ಹೆಸರನ್ನು ಯಾರೂ ಬದಲಿಸಲಿಲ್ಲ. ಸುದ್ದಿ ಕೇಳಿ ತಾಯಿಯಿಲ್ಲದ ಬೇರೆ ಕೂಸುಗಳನ್ನೂ ಜನರು ಆ ಮನೆಗೆ ತಂದರು. ಯಾವ ಜಾತಿಯ ಕೂಸೆಂದು ಕೃಪಾವತಿ ಕೇಳಲಿಲ್ಲ. ಮುಂದೆ ಆ ಸೀಮೆಯಲ್ಲಿ ಅದಕ್ಕೆ ಕೂಸಿನ ಮನೆ ಎಂದೇ ಹೆಸರಾಯಿತು.

ನೀಲವ್ವ ಓಡಾಡಿ ಮಾತಾಡುವಂತಾದಾಗ ಆಕೆಯ ಸೋದರಮಾವ ದೂರದೂರಿನಿಂದ ಹುಡುಕಿಕೊಂಡು ಬಂದ. ಸ್ವಂತ ರಕ್ತದವನು, ಒಳ್ಳೆಯವನು. ಅಜ್ಜಿಯನ್ನೂ ಮೊಮ್ಮಗಳನ್ನೂ ಕರೆದೊಯ್ಯುತ್ತೇನೆಂದ. ಕೃಪಾವತಿ ಮತ್ತೆ ಕುಸಿದಾಳೆಂದು ಸಮಾಧಾನಪ್ಪನವರು ಸಾಧುಗಳಿಗೆ ಹೇಳಿಕಳುಹಿಸಿದರು. ಸಾಧುಗಳು ನಡೆದೇ ಬಂದರು. ಅವರು ಬರುವ ಹೊತ್ತಿಗೆ ಆಕೆ ಹಾದಿಯ ಬುತ್ತಿಗೆ ರೊಟ್ಟಿ ಕಟ್ಟಿ, ನೀಲವ್ವನ ತಲೆ ಬಾಚಿ ಹೆಣೆಯುತ್ತಿದ್ದಳು.

"ಅವ್ವಗ ಹೋಗಿ ಬರತೀನಿ ಅನ್ನು," ಎಂದಳು ಕಲ್ಲವ್ವ. ನೀಲವ್ವ ಹಾಗೆಯೇ ಅಂದಳು. ಚಕ್ಕಡಿ ಕೆರೆಯ ಏರಿ ದಾಟಿ ಮರೆಯಾಗುವವರೆಗೂ ಕೃಪಾವತಿ ಅಂಗಳದಲ್ಲಿದ್ದಳು.

ಬಳಿಕ ಒಳಗೆ ಬಂದು, "ಪ್ರಾರ್ಥನಿ ಮಾಡೂಣ್ರಿ," ಎಂದಳು. ಗಂಡನೂ ಸಾಧುಗಳೂ ಮೊಣಕಾಲೂರಿದರು. ನೀಲವ್ವನಿಗಾಗಿ ಆಕೆ ಕರ್ತನಿಗೆ ಸ್ತೋತ್ರ ಹೇಳಿದಳು. ಆಮೇಲೆ, ಮಗ ಸತ್ತ ದಿನದಿಂದ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕರೆಯದಿದ್ದ ಹೆಸರನ್ನು ಹೇಳಿದಳು.

"ಬೆನ್ಯಾಮೀನನ ಸಲುವಾಗಿನೂ ಸ್ತೋತ್ರ, ಕರ್ತನೇ. ಎರಡು ತಿಂಗಳು ನನ್ನ ಮಡಿಲಾಗ ಇದ್ದ."

ಪೂಜ್ಯ ದೇವಸಖರು ಆಮೆನ್ ಎಂದರು. ಒಳಕೋಣೆಯಲ್ಲಿ ಒಂದು ಕೂಸು ಎದ್ದು ಅಳತೊಡಗಿತು. ಕೃಪಾವತಿ ಕಣ್ಣೊರೆಸಿಕೊಂಡು ಎದ್ದು ಹೋದಳು.