ಅಲಸಂದೆ ಬಳ್ಳಿಯ ಕಾವಲುಗಾರ

ಎರೆಹುಳುಗಳು ಹದಮಾಡಿದ ಮಣ್ಣಿನಲ್ಲಿ ಒಂದು ಅಲಸಂದೆ ಬಳ್ಳಿ ಬೆಳೆದಿತ್ತು. ಬೇರಿಗೆ ಯಾವ ಕೊರತೆಯೂ ಇರಲಿಲ್ಲ, ಆದರೂ ಕುಡಿಗಳು ಮುರುಟುತ್ತಿದ್ದವು. ಯಾಕೆಂದು ಬಳ್ಳಿಗೆ ತಿಳಿಯದು. ಕುಡಿಯ ತುಂಬ ಕಪ್ಪು ಸಸ್ಯಹೇನುಗಳು ಕೂತಿದ್ದವು. ಅವುಗಳ ಸುತ್ತ ಒಂದು ಇರುವೆ, "ಹೆದರಬೇಡಿ, ನಾನು ಕಾವಲಿದ್ದೇನೆ" ಎನ್ನುತ್ತ ಓಡಾಡುತ್ತಿತ್ತು. ಬಳ್ಳಿ ಅದು ತನಗೇ ಹೇಳಿದ ಮಾತೆಂದುಕೊಂಡಿತ್ತು.

ಒಂದು ಬೆಳಿಗ್ಗೆ, ಕೆಂಪು ಬೆನ್ನಿಗೆ ಕಪ್ಪು ಚುಕ್ಕೆಯಿರುವ ಗುಲಗಂಜಿ ಹುಳುವಿನ, ಇನ್ನೂ ರೆಕ್ಕೆ ಮೂಡದ ಮರಿಯೊಂದು ಬಳ್ಳಿ ಹತ್ತಿ ಬಂತು. ಅದರ ಮೈಯೆಲ್ಲ ಮುಳ್ಳು.

"ಕಳ್ಳ ಬಂದ! ಕೊಡವಿಬಿಡು!" ಎಂದು ಇರುವೆ ಕೂಗಿತು.

ಬಳ್ಳಿ ಗಾಬರಿಯಿಂದ ಮೈ ಕೊಡವಿತು. ಮರಿ ನೆಲಕ್ಕೆ ಬಿದ್ದು, ಮತ್ತೆ ಹತ್ತಿತು.

"ಏನು ತಿನ್ನಲು ಬಂದೆ?" ಎಂದು ಬಳ್ಳಿ ಕೇಳಿತು.

"ನಿನ್ನ ರಸ ಹೀರುವ ಹೇನುಗಳನ್ನು" ಎಂದಿತು ಮರಿ.

ಬಳ್ಳಿಗೆ ತಲೆಬುಡ ತಿಳಿಯಲಿಲ್ಲ. "ಇರುವೆಯಣ್ಣ, ಹಾಗಾದರೆ ನೀನು ಕಾಯುತ್ತಿದ್ದದ್ದು ಯಾರನ್ನು?"

"ಹೇನುಗಳನ್ನು. ಅವು ತಮ್ಮ ಮೈಯಿಂದ ನನಗೆ ಸಿಹಿ ರಸ ಕೊಡುತ್ತವೆ. ನಿನ್ನನ್ನು ಕಾಯುತ್ತೇನೆಂದು ನಾನು ಯಾವಾಗ ಹೇಳಿದೆ?"

ಮುಳ್ಳಿನ ಮೈ ಕಂಡು ಬಳ್ಳಿಗೆ ಇನ್ನೂ ನಡುಕವಿತ್ತು. ಆದರೂ ಅದು ಎಲೆಯೊಂದನ್ನು ಬಾಗಿಸಿ, ಕುಡಿಗೆ ಹೋಗಲು ಮರಿಗೆ ದಾರಿ ಮಾಡಿಕೊಟ್ಟಿತು.

ಹೇನುಗಳು ತೀರಿದವು, ಹೊಸ ಕುಡಿ ನೆಟ್ಟಗೆ ಚಿಗುರಿತು. ಇರುವೆ ಆಮೇಲೆ ಆ ಬಳ್ಳಿಯ ಕಡೆ ತಿರುಗಿಯೂ ನೋಡಲಿಲ್ಲ.