ಓಗೊಟ್ಟ ಬಯಲಿನ ಎಂಟು ಎಕರೆ

ನಮ್ಮ ಸೀಗೆಪುರಕ್ಕೆ ಲೋಕಲ್ ರೈಲಲ್ಲಿ ಬಂದು ಇಳಿದೋರೆಲ್ಲ ಮೊದಲು ಕೇಳೋದು ಒಂದೇ ಮಾತು, ಸ್ಟೇಷನ್ ಮಗ್ಗುಲಲ್ಲೇ ಇಷ್ಟು ದೊಡ್ಡ ಜಾಗ ಯಾಕೆ ಖಾಲಿ ಬಿಟ್ಟಿದೀರ ಅಂತ. ಕೇಳ್ಬೇಕಾದ್ದೇ. ಊರು ಹೋಗಿ ನಗರಸಭೆ ಆಯ್ತು, ಬಸ್ಸು ನಿಲ್ಲೋಕೆ ಜಾಗ ಇಲ್ಲ, ಸಂತೆ ರಸ್ತೆ ಮೇಲೇ ಕೂರುತ್ತೆ, ಮೂವತ್ತು-ನಲವತ್ತರ ಸೈಟಿಗೆ ಜನ ಒಬ್ಬರ ಮೇಲೊಬ್ಬರು ಬೀಳ್ತಾರೆ. ಆದ್ರೆ ನಟ್ಟನಡುವೆ ಎಂಟು ಎಕರೆ, ಒಂದು ಗೋಡೆ ಇಲ್ಲ, ಒಂದು ಬೇಲಿ ಇಲ್ಲ, ಬರೀ ಗರಿಕೆ. ಹೆಸರು ಓಗೊಟ್ಟ ಬಯಲು. ಹೊಸ ಮಾಸ್ಟರ್ ಪ್ಲ್ಯಾನಲ್ಲಿ ಅದನ್ನ ಮನೆ ಕಟ್ಟೋ ಜಾಗ ಅಂತ ಗುರುತು ಮಾಡವ್ರೆ, ಆಕ್ಷೇಪಣೆ ಇದ್ರೆ ಈ ತಿಂಗಳೊಳಗೆ ಹೇಳಿ ಅಂತ ನೋಟಿಸ್ ಅಂಟಿಸವ್ರೆ. ನನ್ನ ಆಕ್ಷೇಪಣೆ ಇದೇ, ಪೂರ್ತಿ ಕೇಳಿ. ನಂಗೆ ಹೇಳಿದ್ದು ವಾಲ್‌ಮನ್ ಹೊನ್ನಪ್ಪ, ಬೀದಿಬೀದಿಗೆ ನಲ್ಲಿ ನೀರು ಬಿಡೋರು. ಅವರ ತಾತನ ಮುತ್ತಾತ ಇದೇ ಊರಿನ ಕೆರೆಗೆ ನೀರುಗಂಟಿ ಆಗಿದ್ರು.

ಆಗ ಸೀಗೆಪುರ ಅಂದ್ರೆ ನಲವತ್ತು ಮನೆ, ಮೇಲೊಂದು ಕೆರೆ, ಅಷ್ಟೇ ಅಂತಾರೆ. ಕೆರೆ ತುಂಬಿ ಏರಿ ಜಿನುಗೋಕೆ ಶುರುವಾದ್ರೆ ನೀರುಗಂಟಿ ದೊಡ್ಡ ತೂಬು ಎತ್ತಿ ನೀರನ್ನ ತಗ್ಗಿನ ಬಯಲಿಗೆ ಬಿಡಬೇಕು, ಇಲ್ದಿದ್ರೆ ಏರಿ ಒಡೆದು ಊರೇ ಹೋಗುತ್ತೆ. ಬಿಡೋಕೆ ಮೊದಲು ಏರಿ ಮೇಲೆ ನಿಂತು, ಬಯಲಲ್ಲಿ ಕೆಲಸಕ್ಕಿಳಿದೋರ ಹೆಸರು ಒಂದೊಂದಾಗಿ ಕೂಗೋನು. ಹತ್ತಿ ಬಂದೋರು ಏರಿ ಮೇಲಿಂದ 'ಓ' ಅನ್ನಬೇಕು. ಅರ್ಧ ಮೈಲಿ ಏರಿ, ಮಳೆಯಲ್ಲಿ ಹತ್ತು ಮಾರು ಆಚೆ ಯಾರೂ ಕಾಣಲ್ಲ, ದನಿಯೊಂದೇ ಗುರುತು. ಅದಕ್ಕೇ ಅವರವರ ಹೆಸರಿಗೆ ಅವರವರದೇ ಬಾಯಿ, ಇನ್ನೊಬ್ಬರು ಓಗೊಡೋ ಹಾಗಿಲ್ಲ.

ಹಿಂದೆ ಒಮ್ಮೆ ಆಶ್ಲೇಷ ಮಳೆ ಮೂರು ದಿನ ಬಿಡದೆ ಹುಯ್ದು ಮಟಮಟ ಮಧ್ಯಾಹ್ನವೇ ಮಬ್ಬಾಗಿತ್ತಂತೆ. ನೀರುಗಂಟಿ ಮುದ್ದೀರಯ್ಯ ಕೂಗ್ತಾ ಬಂದ. ದೇವೀರಿ ಅನ್ನೋ ಹೆಸರಿಗೆ ಓ ಬರ್ಲಿಲ್ಲ. ಕಾಲ ಕೆಳಗೆ ಏರಿ ಅದುರ್ತಾ ಇತ್ತು. ದೇವೀರಿಯ ವಾರಗಿತ್ತಿ ಕೆಂಚಮ್ಮ, ಅವಳ ಜೊತೆಗೇ ಹೊಲದಿಂದ ಹೊರಟೋಳು, ಬೆನ್ನಿಗೇ ಬರ್ತಾವ್ಳಲ್ಲ ಅಂದ್ಕೊಂಡು ತಾನೇ 'ಓ' ಅಂದ್ಬಿಟ್ಟಳು. ತೂಬು ಎದ್ದಿತು. ದೇವೀರಿ ಕುಡುಗೋಲು ಮರೆತು ಅರ್ಧ ದಾರಿಯಿಂದ ವಾಪಸ್ ಹೋಗಿದ್ದನ್ನ ದಾರಿ ಪಕ್ಕದ ದಿಬ್ಬದಲ್ಲೇ ಇದ್ದ ದನ ಕಾಯೋರು ನೋಡಿದ್ರಂತೆ. ಅವಳ ಮೈ ಸಿಗಲೇ ಇಲ್ಲ.

ಮುಂದಿನ ವರ್ಷ ಮತ್ತೆ ಕೆರೆ ತುಂಬ್ತು. ಮುದ್ದೀರಯ್ಯ ಮೊದಲ ಹೆಸರು ಕೂಗಿದ. ಆ ಹೆಸರಿನೋನು ಅವನ ಪಕ್ಕದಲ್ಲೇ ನಿಂತಿದ್ದ, ಇನ್ನೂ ಬಾಯಿ ತೆಗೆದಿರಲಿಲ್ಲ, ಕೆಳಗಿನ ಬಯಲಿಂದ 'ಓ' ಅಂತ ಬಂತು. ಎರಡನೇ ಹೆಸರಿಗೂ ಬಂತು, ಮೂರನೇದಕ್ಕೂ ಬಂತು. ಎಲ್ಲಕ್ಕೂ ಒಂದೇ ದನಿ, ಕೆಂಚಮ್ಮನ ದನಿ. ಕೆಂಚಮ್ಮ ಏರಿ ಮೇಲೇ ತುಟಿ ಕಚ್ಕೊಂಡು ನಿಂತವ್ಳೆ. ಇನ್ನು ಯಾರು ಬಂದ್ರು, ಯಾರು ಹೊಲದಲ್ಲೇ ಉಳಿದ್ರು ಅಂತ ತಿಳಿಯೋದು ಹೇಗೆ? ಆ ಸಲ ಮನೆಮನೆಗೆ ಓಡಿ ತಲೆ ಎಣಿಸಿದ್ರು, ಅಷ್ಟರಲ್ಲಿ ಏರಿ ಒಂದು ಕಡೆ ಕುಸಿದೇ ಹೋಗಿತ್ತು. ಕೆಂಚಮ್ಮ ಅವತ್ತೇ ಊರ ಮುಂದೆ ಹೇಳಿದ್ಲು, ಆ ನೆಲ ನೀರಿಗೇ ಬಿಟ್ಬಿಡಿ, ಯಾರೂ ಇಳೀಬೇಡಿ ಅಂತ. ನೆಲ ಅವಳ ಮನೇದೇ. ಅತ್ತೆ ಸಾಕಮ್ಮ ಸುಮ್ಮನಿರ್ತಾಳಾ?

"ನಿನ್ ಬಾಯಿ ಮಾಡಿದ್ ತಪ್ಪಿಗೆ ನಮ್ ಹೊಟ್ಟೆ ಕಟ್ಕಬೇಕೇನೆ? ಎಂಟು ಎಕರೆ ನಿಮ್ಮಪ್ಪ ಬಳುವಳಿ ಕೊಟ್ಟಿದ್ನಾ?"

"ಬೈರಿ ಅತ್ತೆ. ಆದ್ರೆ ಈಗ ಒಂದು ಗಳಿಗೆ ಮಾತಾಡದೆ ನಿಂತ್ಕಳಿ," ಅಂದ ಕೆಂಚಮ್ಮ ಮುದ್ದೀರಯ್ಯನಿಗೆ ಕೈ ಮುಗಿದು ಸಾಕಮ್ಮನ ಹೆಸರು ಕೂಗಿಸಿದ್ಲು. ನಡುಬಯಲಿಂದ, ಸೊಸೆಯ ದನಿಯಲ್ಲಿ, ಇನ್ನೇನು ಬಂದೆ ಅನ್ನೋ ಹಾಗೆ 'ಓ' ಅಂತ ಬಂತು. ಸಾಕಮ್ಮ ಸೆರಗಲ್ಲಿ ಬಾಯಿ ಮುಚ್ಕೊಂಡು ಮನೆ ಕಡೆ ನಡೆದ್ಲು. ಆಮೇಲೆ ಅಲ್ಲಿ ನೇಗಿಲು ಇಳಿದಿಲ್ಲ. ಓಗೊಟ್ಟ ಬಯಲು ಅಂತ ಹೆಸರಾಗಿದ್ದು ಹಾಗೆ.

ಈಗ ಕೆರೆ ಅರ್ಧ ಬಡಾವಣೆ. ಆದ್ರೂ ಜೋರು ಮಳೆ ಬಂದ್ರೆ ಊರ ನೀರೆಲ್ಲ ಹಳೇ ದಾರಿ ಹಿಡಿದು ಬಯಲಿಗೇ ಬಂದು, ಎರಡು ದಿನ ನಿಂತು ಹೋಗುತ್ತೆ. ಅಲ್ಲಿ ನೂರು ಮನೆ ಕಟ್ಟಿಸಿದ್ರೆ, ನೀರು ಬಂದ ದಿನ ಅಷ್ಟು ಹೆಸರು ಯಾರು ಕೂಗ್ತಾರೆ, ಓ ಅಂದ್ರೂ ಯಾರು ನಂಬ್ತಾರೆ? ಬಂದೋರು ಇವತ್ತಿಗೂ ಕಣ್ಣಾರೆ ನೋಡಬಹುದು, ಬಯಲಲ್ಲಿ ಆಡೋ ಮಕ್ಕಳನ್ನ ರಸ್ತೆಯಿಂದ ತಾಯಂದಿರು ಕೂಗಿದ್ರೆ ಒಬ್ಬರೂ ಓಗೊಡಲ್ಲ. ಕೈ ಎತ್ತುತ್ತಾರೆ, ಬಾಯಿ ಮುಚ್ಕೊಂಡು ಎದ್ದು ಬರ್ತಾರೆ. ಹೋದ ವಾರ ಅಳತೆಗೆ ಹೊರಗಿನ ಅಧಿಕಾರಿಯೊಬ್ಬರು ಬಂದಿದ್ರು. ಆ ತುದಿಯಲ್ಲಿ ಅಳತೆ ಕೋಲು ಹಿಡಿದಿದ್ದೋನು ನಮ್ಮೂರ ಬಸವಲಿಂಗ, ಅವನ ಮಗ್ಗುಲಲ್ಲಿ ನಾನು, ನಾವಿಬ್ಬರು ಗಂಡಸರೇ, ಬೇರೆ ಯಾರೂ ಇಲ್ಲ. ನೆಟ್ಟಗೆ ಹಿಡಿದಿದೀಯೇನಯ್ಯಾ ಅಂತ ಅಧಿಕಾರಿ ರಸ್ತೆಯಿಂದ ಕೂಗಿದ್ರು. ಬಸವಲಿಂಗ ಮಾತಾಡದೆ ಕೈ ಎತ್ತಿದ.

"ಹೂಂ, ಕೇಳಿಸ್ತು," ಅಂದ್ರು ಅವರು, ತಲೆ ಬಗ್ಗಿಸಿ ಬರ್ಕೊಳ್ತಾ. "ಆಯಮ್ಮನ್ನ ಆಚೆ ಕಳಿಸಯ್ಯ, ನೀನೇ ಹೇಳು."